ಅಂಗಿ ಹಿಂಡಿದ ನೀರು

ಇವರ ಕಸುಬು ನನಗೆ ಗೊತ್ತಿರುವುದು ಬಕೇಟಿನಿಂದ.

ಶಿರಾಗೇಟಿನಲ್ಲಿ ತಗಡಿನ ಶೆಡ್ಡು ಹಾಕಿದ ಹೊಸತು,
ಅಂಬಾಸಿಡರ್ ಡೀಸೆಲ್ಲುಗಳ ಕಾಲ.
ಅಂಗಿ ಹಿಂಡಿದರೆ ಮೊದಲ ನೀರು ಕಾಡಿಗೆ,
ಎರಡನೆಯದು ಡಿಕಾಕ್ಷನ್ನು,
ಮೂರನೆಯದನ್ನೂ ಗಿಡಕ್ಕೆ ಹಾಕಲು ಮನಸ್ಸು ಬರುತ್ತಿರಲಿಲ್ಲ.
ಮಾವ ಕುಲುಮೆಯವರು, ನಗುತ್ತಿದ್ದರು:
"ನಮ್ಮದು ಇದ್ದಿಲ ಕಪ್ಪು, ಒದರಿದರೆ ಹೋಗ್ತಿತ್ತು.
ವೀರಾಚಾರಿದು ಎಣ್ಣೆಗಪ್ಪು ಕಣವ್ವ."

ಆಮೇಲೆ ಹಳೇ ಪಂಪು ಹೋಗಿ ಕಾಮನ್ ರೈಲು ಬಂತು.
ಊಟಕ್ಕೆ ಕೂತವರು ಸಾರಿನ ಸೌಟೆತ್ತಿ ತೋರಿಸಿದರು:
ಮೊದಲು ಹಿಂಗೆ ಸುರೀತಿತ್ತು, ಅರ್ಧ ಉರಿ, ಅರ್ಧ ಹೊಗೆ.
ಈಗ ಸಾಸಿವೆಗಿಂತ ಸಣ್ಣ ಹನಿ,
ಒಂದು ಗುಟುಕನ್ನೇ ಐದು ಸಲ ಹಂಚಿ ಹಂಚಿ,
ಒಂದು ತೊಟ್ಟು ದಂಡವಿಲ್ಲ, ಲೀಟರಿಗೆ ಇಪ್ಪತ್ತೆರಡು!
ಗೋಡೆಗೆ ಹಾರಿದ ಸಾರನ್ನು ನಾನು ಒರೆಸಿದೆ.
ಆ ವರ್ಷ ತಿಂಗಳಿಗೆರಡು ಸೋಪು ಉಳಿಯಿತು.

ಈಚೆಗೆ ಮೊದಲ ನೀರೇ
ರಾಗಿಹಿಟ್ಟಿನ ಕೈ ತೊಳೆದಷ್ಟು ತೆಳು.
"ಮಸಿ ಎಲ್ಲಿಗೆ ಹೋಯ್ತು ಹಂಗಾದ್ರೆ?"
"ಬಾ, ಹತ್ತು."

ಡಾಕ್ಟರ ಬಿಳಿ ಕಾರು.
ಮನೆಯಿಂದ ಆಸ್ಪತ್ರೆ, ಆಸ್ಪತ್ರೆಯಿಂದ ಮನೆ,
ಒಂದೂವರೆ ಕಿಲೋಮೀಟರು.
ಹಳದಿ ದೀಪ ಹತ್ತಿ ಕೂತಿದೆ.
ಹೊಟ್ಟೆಯೊಳಗೆ ಜೇನುಹುಟ್ಟಿನಂಥ ಜರಡಿಯಂತೆ,
ಹೊರಗೆ ಬಿಡದೆ ಹಿಡಿದ ಮಸಿಯೇ ಅದಕ್ಕೆ ಕಟ್ಟಿಕೊಂಡಿದೆಯಂತೆ.
ಔಷಧಿಯಿಲ್ಲ. ಅರ್ಧಗಂಟೆ ನಿಲ್ಲದೆ ಓಡಬೇಕು,
ಕಾಯಬೇಕು, ತನ್ನ ಮಸಿ ತಾನೇ ಸುಟ್ಟುಕೊಳ್ಳಬೇಕು.

ಕೋರ ದಾಟಿತು.
ಸೀಬಿಯಲ್ಲಿ ಕೈ ಮುಗಿದು, ಒಂದು ನಿಮಿಷ ಅಂದೆ.
"ನಿಲ್ಲಂಗಿಲ್ಲ ಕಣೆ, ಒಳಗೆ ಉರೀತೈತೆ."

ಇಪ್ಪತ್ತಾರು ವರ್ಷ ನಾನೂ
ಮನೆ, ನಲ್ಲಿ, ಸೊಸೈಟಿ;
ಸೊಸೈಟಿ, ನಲ್ಲಿ, ಮನೆ.
ಗಾಜು ಇಳಿಸಿದೆ.
ಯಾವುದೋ ಹಾಡು ಬಾಯಿಗೆ ಬಂತು, ಅರ್ಧಕ್ಕೆ ಮರೆತಿತ್ತು,
ಆ ಅರ್ಧವನ್ನೇ ಮತ್ತೆ ಮತ್ತೆ ಹೇಳಿಕೊಂಡೆ.
ಅವರು ಗೇರು ಬದಲಿಸಲಿಲ್ಲ.

ಕಳ್ಳಂಬೆಳ್ಳದ ಕೆರೆ ಕಾಣುವಾಗ ದೀಪ ಆರಿತು.
ಇಳಿದು, ಅವರ ಕರವಸ್ತ್ರವನ್ನು ಕೊಳವೆಯ ಹಿಂದೆ ಹಿಡಿದೆ.
"ಸುಡ್ತೈತೆ, ದೂರ!"
ಬಿಸಿ ಗಾಳಿ, ಅಷ್ಟೆ.
ಬೆಳಿಗ್ಗೆ ನಾನು ಮಡಿಸಿಟ್ಟ ಬಿಳುಪು ಹಾಗೇ ಇತ್ತು.

"ಎಲ್ಲಾ ಹೋಯ್ತಾ?"
"ಮಸಿ ಹೋಯ್ತು. ಬೂದಿ ಚಿಟಿಕೆಯಷ್ಟು ಉಳೀತೈತೆ,
ಅದು ಸುಡಾಕಿಲ್ಲ.
ಯಾವತ್ತೋ ಒಂದಿನ ಬಿಚ್ಚಿ ತೊಳೀಬೇಕು."

ಬಿಚ್ಚಿದ ದಿನ ಕರೀರಿ ಅಂದೆ.
ತೊಳೆಯೋದು ನನಗೆ ಗೊತ್ತು.