ಅಂಚಿನಲ್ಲಿ ಬರೆದದ್ದು

ಅಜ್ಜ ತೀರಿದ ಒಂಬತ್ತನೆಯ ದಿನ
ಮಾಕುಸಾನಿಯಿಂದ ಪತ್ರ ಬರೆಯುವವನನ್ನು ಕರೆಸಿದರು.
ಚಳಿಗೆ ಅವನ ಪೆನ್ನು ಹೆಪ್ಪುಗಟ್ಟಿತ್ತು,
ಕಂಕುಳಲ್ಲಿಟ್ಟು ಕಾಯಿಸಿ ಕಾಯಿಸಿ ಬರೆದ:

ಕಲ್ಲಿನ ಮನೆ, ತಗಡಿನ ಮಾಡು, ಚಿಕ್ಕಪ್ಪ ತಿಬುರ್ಸಿಯೋಗೆ.
ಎಪ್ಪತ್ತೊಂದು ಅಲ್ಪಾಕಾ, ಅದರಲ್ಲಿ ಕುಂಟು ಎರಡು, ಅಪ್ಪನಿಗೆ.
ಕತ್ತರಿ, ಕಂಬಳಿ, ಹಿತ್ತಾಳೆ ಗಂಟೆ ಇಬ್ಬರಿಗೂ ಅರ್ಧರ್ಧ
(ಗಂಟೆಯಲ್ಲಿ ಅರ್ಧ ಯಾವುದೋ, ನನಗಿನ್ನೂ ತಿಳಿದಿಲ್ಲ).
ಅತ್ತೆ ನಿಕಾನೋರಾಗೆ
ಗುಡ್ಡದ ಬೆನ್ನಿಗೊಂದು ತುಂಡು ನೆಲ,
ಕಲ್ಲು ಹೆತ್ತು ಕಲ್ಲನ್ನೇ ಸಾಕುವ ನೆಲ.

"ಇನ್ನೇನಾದರೂ?" ಅಂದ ಪತ್ರದವನು, ಮರ್ಯಾದೆಗೆ.
"ಆ ತಿಪ್ಪೆ" ಅಂದಳು ಅತ್ತೆ.

ಗಂಡಸರು ನಕ್ಕರು.
ಅಮ್ಮ ನಗಲಿಲ್ಲ. ತಿಪ್ಪೆಯೆಂದರೆ ಅವಳ ಒಲೆ.
ಮರವಿಲ್ಲದ ಈ ಎತ್ತರದಲ್ಲಿ
ಒಣಗಿದ ಹಿಕ್ಕೆ ಉರಿದರೇ ಸಾರು ಕುದಿಯುವುದು.
"ಬಿದ್ದದ್ದು ನಿನಗೆ, ಬೀಳುವುದು ನನಗೆ"
ಎಂದು ಅಲ್ಲೇ ಗೆರೆ ಎಳೆದುಬಿಟ್ಟಳು.
ಪತ್ರದಲ್ಲಿ ತಿಪ್ಪೆಗೆ ಕಲಮಿರಲಿಲ್ಲ;
ಅವನು ಅಂಚಿನಲ್ಲಿ ಸಣ್ಣಕ್ಷರದಲ್ಲಿ ತುರುಕಿದ.

ಹದಿನೇಳು ದಿನ ಹೊತ್ತಳು,
ಬೆನ್ನಿಗೆ ಕಟ್ಟುವ ಶಾಲಿನಲ್ಲಿ.
ಅದೇ ಶಾಲಿನಲ್ಲಿ ನನ್ನನ್ನೂ ಹೊತ್ತವಳು.
ಅಜ್ಜನ ಕಾಲದ ಹಿಕ್ಕೆ, ಅದರ ಕೆಳಗೆ ಮುತ್ತಜ್ಜನ ಕಾಲದ್ದು,
ಕಪ್ಪಗೆ, ಹಗುರಾಗಿ, ನಾತವೇ ಇಲ್ಲದೆ
ಬೆರಳ ಸಂದಿಯಲ್ಲಿ ಪುಡಿಯಾಗುತ್ತಿತ್ತು.
"ದನದ್ದಾದರೆ ಕಳಿಯುವ ತನಕ ಕಾಯಬೇಕು, ಹಸಿ ಹಾಕಿದರೆ ಬೇರು ಸುಡುತ್ತದೆ.
ಇದು ತಣ್ಣನೆಯದು ಮಗು.
ಇವತ್ತು ಬಿದ್ದದ್ದನ್ನು ಇವತ್ತೇ ಬೇರಿಗಿಡು, ಸಿಡುಕುವುದಿಲ್ಲ."

ನಮ್ಮ ಮಾತಿನಲ್ಲಿ ವನು ಎಂದರೆ ಗೊಬ್ಬರ.
ವಞು ಎಂದರೆ ಸಾವು.
ನಾಲಿಗೆ ತುಸು ಅಂಗುಳಿಗೆ ಅಂಟಿತೋ, ಅಷ್ಟೇ ಅಂತರ.
ಅತ್ತೆಯ ಮುಂದಿನ ಹಲ್ಲು ಹೋಗಿತ್ತು,
ಅವಳು ಯಾವುದನ್ನು ಹೇಳುತ್ತಿದ್ದಾಳೆಂದು
ಆ ವರ್ಷವೆಲ್ಲ ನನಗೆ ಗೊಂದಲ.

ಹಿಂಡು ಕಾಯುವವಳು ನಾನು, ಒಂಬತ್ತು ವರ್ಷ.
ಹದಿನೆಂಟನೆಯ ಬೆಳಗ್ಗೆ ಹಳೆಯ ಜಾಗಕ್ಕೆ ಬಂದವು.
ನೆಲ ಗುಡಿಸಿಟ್ಟ ಹಾಗೆ ಬೋಳು.
ಅಲ್ಪಾಕಾ ಎಲ್ಲೆಂದರಲ್ಲಿ ಹಾಕುವ ಜೀವವಲ್ಲ,
ಒಂದೇ ಜಾಗ, ಸರದಿ, ಸಂಕೋಚ.
ನೆಂಟರ ಮನೆಯಲ್ಲಿ ಬಚ್ಚಲು ಕೇಳಲಾರದವರಂತೆ
ಎಪ್ಪತ್ತೊಂದೂ ಕಾಲು ಬದಲಿಸುತ್ತ ನಿಂತವು.
ಆಮೇಲೆ ಚುಂಪಿ, ಕಂದು ಮುದುಕಿ,
ಗಾಳಿ ಮೂಸಿ ಗುಡ್ಡದ ಕಡೆ ತಿರುಗಿದಳು.

ಅಲ್ಲಿ, ಅತ್ತೆಯ ಬೇಲಿಗಲ್ಲಿನ ಬುಡಕ್ಕೆ
ಹರಡದೆ ಉಳಿಸಿದ ಒಂದು ಬುಟ್ಟಿ ಹಿಕ್ಕೆ.

ಅಪ್ಪ ಓಡಿಬಂದ. "ನನ್ನ ಹಿಂಡು!"
"ನಿನ್ನದೇ ಅಣ್ಣಾ. ಒಂದು ಕೂದಲು ಮುಟ್ಟಿದ್ದರೆ ಹೇಳು."
ತಡೆಯಬಹುದಿತ್ತು ನಾನು. ಕಲ್ಲೆಸೆಯುವ ಕವಣೆ ಸೊಂಟದಲ್ಲೇ ಇತ್ತು.

ಅಮ್ಮ ಮೂರು ದಿನ ಮಾತು ಬಿಟ್ಟಳು.
ನಾಲ್ಕನೆಯ ದಿನ ಗೋಣಿ ಹಿಡಿದು ಗುಡ್ಡ ಹತ್ತಿದಳು.
ಬೆಳಗಿನದು ಒಲೆಗೆ, ಸಂಜೆಯದು ನೆಲಕ್ಕೆ.
ಇದನ್ನು ಯಾರೂ ಬರೆದುಕೊಳ್ಳಲಿಲ್ಲ.

ಮೂರನೆಯ ವರ್ಷ ಅತ್ತೆ ಆಲೂಗಡ್ಡೆ ತಂದಳು,
"ಸೊಸೆಯನ್ನು ಅಳಿಸುವುದು" ಎಂಬ ಜಾತಿ,
ಮೈತುಂಬ ಗಂಟು, ಗುಳಿ; ಹೊಸ ಸೊಸೆಯ ಕೈಗೆ ಕೊಟ್ಟು
ಸಿಪ್ಪೆ ಎಷ್ಟು ತೆಳ್ಳಗೆ ಬಂತೆಂದು ನೋಡುವ ಗಡ್ಡೆ.
ಅಮ್ಮ ತಿರುಗಿಸಿ ತಿರುಗಿಸಿ ನೋಡಿದಳು.
"ನಿಮ್ಮಪ್ಪ ನನಗೆ ಕೊಟ್ಟದ್ದು ಇದರ ಅರ್ಧವೂ ಇರಲಿಲ್ಲ" ಅಂದು
ಸಿಪ್ಪೆ ಸಮೇತ ಬೇಯಿಸಿಬಿಟ್ಟಳು.

ಆ ಹೊತ್ತಿಗೆ ಬೇರೆ ಯಾರದೋ ಪಾಲಿಗೆಂದು ಬಂದ ಪತ್ರದವನು
ಬಾಯಿ ಸುಟ್ಟುಕೊಂಡು ಕೇಳಿದ: ಯಾವ ಹೊಲದ್ದು?
ತೋರಿಸಿದೆವು. ಚೀಲದಿಂದ ಹಳೆಯ ನಕಲು ತೆಗೆದ:
"ಕಲ್ಲುನೆಲ, ಬೆಲೆಯಿಲ್ಲ ಅಂತಿದೆ. ತಿದ್ದಲೇ?"

ಅತ್ತೆ ಉಪ್ಪಿನ ಬಟ್ಟಲು ಅವನತ್ತ ಸರಿಸಿದಳು.
"ಬೇಡ ಮಾರಾಯ, ಹಾಗೇ ಇರಲಿ. ತೆರಿಗೆ ಕಡಿಮೆ."

ಹೊರಗೆ ಬೇಲಿಯ ಬುಡದಲ್ಲಿ ಚುಂಪಿ,
ಬಾಲ ಎತ್ತಿ, ದೂರದ ಹಿಮ ನೋಡುತ್ತ,
ಏನೋ ಗಹನವಾದದ್ದನ್ನು ಯೋಚಿಸುವವಳ ಹಾಗೆ.