ಹಲ್ಲು ಎಣಿಸುವುದು

ದಾನ ಕೊಟ್ಟ ಹಸುವಿನ ಹಲ್ಲು ಎಣಿಸಬಾರದು, ಸರಿ.
ಇದು ದಾನವಲ್ಲ.
ಲಕೋಟೆಯಲ್ಲಿ ಆರುನೂರ ನಲವತ್ತು ಪೌಂಡು,
ಅದರಲ್ಲಿ ನಲವತ್ತು ಬರೀ ಚಿಲ್ಲರೆ,
ಬಿಸ್ಕತ್ತಿನ ಡಬ್ಬಿಯಲ್ಲಿ ಹದಿನಾಲ್ಕು ತಿಂಗಳು ಕೂತು
ಶುಂಠಿ ವಾಸನೆ ಹಿಡಿದದ್ದು.

ಡಾಕ್ಟರು ಹೇಳಿದ್ದಿಷ್ಟೆ: ಮೆನ್ನಾ,
ನಿನ್ನ ಬೆನ್ನು ಇನ್ನು ಕಲ್ಲಿನ ಜೊತೆ ಜಗಳಕ್ಕೆ ನಿಲ್ಲಬಾರದು.
ಬೆಟ್ಟದ ಸೈಕಲ್ ಬಿಡು. ಬಿಡಲಾರೆಯಾದರೆ
ಮುಂದಷ್ಟೇ ಅಲ್ಲ, ಹಿಂದೆಯೂ ಸಸ್ಪೆನ್ಷನ್ ಇರುವುದನ್ನು ನೋಡು.
ನೋಡು ಅಂದರು. ಕೊಳ್ಳು ಅನ್ನಲಿಲ್ಲ.
ಶಾಲೆಯ ಅಡುಗೆಯವಳ ಸಂಬಳ
ಬ್ಲೈನಾದಲ್ಲಿ ಯಾರಿಗೆ ಗೊತ್ತಿಲ್ಲ.

ಬೆಟ್ಟವೆಂದರೆ ಇಲ್ಲಿ ಒಡೆದ ಸ್ಲೇಟಿನ ರಾಶಿ,
ಯಾರೋ ಲಕ್ಷ ಮಕ್ಕಳ ಪಾಟಿ ಕಸಿದು
ಮೋಡದವರೆಗೆ ಸುರಿದ ಹಾಗೆ.
ಅದರ ನಡುವೆ ಇಳಿಯುವ ಒಂದು ಕಾಲುದಾರಿಗಾಗಿ
ನಾನು ಕೂಡಿಸಿ, ಕಳೆದು, ಒರೆಸಿ,
ಮತ್ತೆ ಕೂಡಿಸಿದ್ದು.

ಮೊದಲನೆಯದು ಲ್ಯಾಂಡುಡ್ನೋದಲ್ಲಿ. ಕಾರ್ಬನ್ನಿನದು.
ಬೆಳ್ಳಗಿರುವುದೆಲ್ಲ ಹಾಲಲ್ಲ ಎಂದು ತಿಳಿದಿದ್ದೂ
ಒಂದು ಗಳಿಗೆ ಅದರ ಮೇಲೆ ಕೂತು ಮದುಮಗಳಾದೆ.
ಆಮೇಲೆ ಕಂಡಿತು ಪೆಡಲಿನ ಮೇಲುಗಡೆ
ಕೆಂಪು ಡ್ರ್ಯಾಗನ್ನಿನ ಸ್ಟಿಕ್ಕರು.
ಅಲ್ಲಿ ಡ್ರ್ಯಾಗನ್ನಿಗೆ ಏನು ಕೆಲಸ?
ಉಗುರಲ್ಲಿ ಬಾಲ ಎತ್ತಿದೆ.
ಕೆಳಗೆ ಕೂದಲೆಳೆಯ ಬಿರುಕು.
ಮಾರುವವನು ಹವಾಮಾನದ ಮಾತು ತೆಗೆದ.
ನಾನು ಬಸ್ಸು ಹಿಡಿದೆ.

ಎರಡನೆಯದು ಗೆಥಿನನದು. ಮಾಡಿಗೆ ಸ್ಲೇಟು ಹೊದಿಸುವವನು.
ಕೇಳುವ ಮೊದಲೇ ಶುರುಮಾಡಿದ:
ಚೈನು ಸವೆದಿದೆ. ಹಿಂದಿನ ಬ್ರೇಕು ಹಂದಿಯಂತೆ ಅರಚುತ್ತದೆ.
ಸೀಟು ಒತ್ತಿದರೆ ಇಳಿಯುತ್ತದೆ,
ಏಳುವುದು ಮಾತ್ರ ಅದರ ಮರ್ಜಿ.
ಮುಂದಿನರ್ಧ ಹಸಿರು, ಹಿಂದಿನರ್ಧ ಬೂದು,
ಯಾಕೆಂದು ದೊಡ್ಡಪ್ಪನ ಮಗನನ್ನು ಕೇಳಬೇಕು,
ಅವನು ಚೆಸ್ಟರಿಗೆ ಹೋದ.

ಮೂರು ತಪ್ಪು ತಾನೇ ಹೇಳುವವನು
ನಾಲ್ಕನೆಯದನ್ನು ಎಲ್ಲಿಟ್ಟಿದ್ದಾನೆ?
ಸೀಟು ಹಿಡಿದು ಮೆಲ್ಲಗೆ ಎತ್ತಿದೆ.
ಟಕ್.
ಕೀಲಿನಲ್ಲಿ ಎಲ್ಲೋ ಬುಶ್ ಸಡಿಲ, ನನ್ನ ಮಂಡಿಯ ಹಾಗೆ.
ಚಕ್ರ ತಿರುಗಿಸಿದೆ. ಬೆಸುಗೆಗಳ ಮೇಲೆ ಬೆರಳೋಡಿಸಿದೆ,
ಸೊಪ್ಪಿನಲ್ಲಿ ಹುಳ ಹುಡುಕುವ ಬೆರಳು, ಮೋಸ ಹೋಗುವುದಿಲ್ಲ.
ಕೆಸರು ಒರೆಸಲು ಏಪ್ರನ್ನಿನ ಅಂಚು ತಂದಿದ್ದೆ.
ಹಿಂದಿನ ಶಾಕಿನ ಮೇಲೆ ಒಂದು ಸಲ ಎಳೆದೆ.

ಕೆಳಗೆ ಜೇನಿನ ಬಣ್ಣ.
ಒಂದು ಗೀರಿಲ್ಲ. ನುಣುಪು.
ಇದು ಈ ಬೈಕಿನ ಜೊತೆ ಹುಟ್ಟಿದ್ದಲ್ಲ, ಯಾರೋ ಆಮೇಲೆ ಕೂರಿಸಿದ್ದು.
ಹಳೆಯದಾದರೂ ಅದೊಂದಕ್ಕೇ ಮುನ್ನೂರು ಕೊಡುವವರಿದ್ದಾರೆ.
ಇವನು ಇಡೀ ಬೈಕಿಗೆ ಕೇಳಿದ್ದು ಆರುನೂರು.

ಏನಾದರೂ ಕಂಡಿತಾ? ಅಂದ.
ಕೆಸರು, ಅಂದೆ.

ಅಷ್ಟಕ್ಕೆ ನಿಲ್ಲಬಹುದಿತ್ತು.
ಟಕ್ ಅನ್ನುವುದಕ್ಕೆ ಮೂವತ್ತು ಇಳಿಸು ಅಂದೆ.
ಇಳಿಸಿದ. ಚಹಾ ಕೊಟ್ಟ.
ಚಿಲ್ಲರೆಯನ್ನು ಎಣಿಸದೆ ಜೇಬಿಗಿಟ್ಟ.

ಭಾನುವಾರ ಇಳಿಜಾರಿನಲ್ಲಿ ಬಿಟ್ಟೆ.
ಬೇರು, ಕಲ್ಲು, ಹಳೆಯ ಗಣಿಯ ಮೆಟ್ಟಿಲು
ಒಂದೊಂದನ್ನೂ ಅದು ಗುಟುಕರಿಸಿತು, ಅನ್ನಕ್ಕೆ ಕಲಸಿದ ತುಪ್ಪದಂತೆ.
ನಲವತ್ತೇಳು ವರ್ಷದ ಬೆನ್ನು ತುಟಿಪಿಟಕ್ಕೆನ್ನಲಿಲ್ಲ.
ಹಂದಿ ಅರಚುತ್ತಲೇ ಇತ್ತು.
ನಾನು ಕೂಗಿದೆ, ಯಾರೂ ಇಲ್ಲವೆಂದು.

ಮಾರ್ಚಿನಲ್ಲಿ ಶಾಲೆಯ ಮಾಡು ಸೋರಿತು.
ಏಣಿ ಹೊತ್ತು ಬಂದವನು ಗೆಥಿನ್.
ಮಧ್ಯಾಹ್ನ ಮಕ್ಕಳ ಸಾಲಿನ ಕೊನೆಗೆ ತಟ್ಟೆ ಹಿಡಿದು ನಿಂತ.
ಬೈಕು ಹೇಗಿದೆ?
ಪರವಾಗಿಲ್ಲ, ಅಂದೆ,
ಅವನ ಆಪಲ್ ಕ್ರಂಬಲ್ ಮೇಲೆ ಒಂದು ಸೌಟು ಕಸ್ಟರ್ಡ್ ಹಾಕಿ,
ಇನ್ನೊಂದು ಹಾಕಿ,
ಸಾಕು ಸಾಕು ಅನ್ನುತ್ತಿದ್ದರೂ
ಇನ್ನೊಂದು.