ಒಂದು ಪಾಯಿಂಟ್ ಆರು

ಪೈಪ್ಸಿ ಸರೋವರದ ಹಿಮಗಡ್ಡೆಯ ಮೇಲೆ
ತಾನೇ ಕೊರೆದ ತೂತಿನ ಪಕ್ಕ
ಉಲ್ಯಾನ್ ಕೋಟು ಬಿಚ್ಚಿಟ್ಟು ಕೂತಿದ್ದ.
ಮೈನಸ್ ಹದಿನೆಂಟರಲ್ಲಿ "ಸೆಕೆ" ಎಂದನಂತೆ.
ಜೊತೆಗಾರರು ನಕ್ಕರಂತೆ.
ಆಮೇಲೆ ಅವನು ಪಕ್ಕಕ್ಕೆ ವಾಲಿದ.

ನಾವು ತಲುಪುವಷ್ಟರಲ್ಲಿ ಹೆಂಡತಿ ಫೆವ್ರೋನ್ಯಾ
ಬರಿಯ ಸ್ಲೆಡ್ಜ್ ಎಳೆದುಕೊಂಡು ಬಂದಿದ್ದಳು,
ಅಂಗೈ ತುಂಬ ಈರುಳ್ಳಿ ಜಡೆ ಹೆಣೆದ ವಾಸನೆ.
"ಕುಡಿದಿದ್ದಾನೆ, ಅಷ್ಟೇ. ಮಲಗಿ ಎದ್ದರೆ ಸರಿಹೋಗ್ತಾನೆ.
ಮೂವತ್ತು ವರ್ಷದಿಂದ ನೋಡ್ತಿಲ್ವಾ?"

ಬೆರಳು ಚುಚ್ಚಿದೆ.
ಒಂದು ಹನಿಗಾಗಿ ಹಸುವಿನ ಮೊಲೆಯಂತೆ ಹಿಂಡಬೇಕಾಯಿತು.
ಒಂದು ಪಾಯಿಂಟ್ ಆರು.
ಯಂತ್ರ ಕೆಟ್ಟಿರಬೇಕೆಂದು ಇನ್ನೊಂದು ಬೆರಳು.
ಒಂದು ಪಾಯಿಂಟ್ ಐದು.

ಆಂಬುಲೆನ್ಸಿನ ಕುಲುಕಾಟದಲ್ಲಿ ಹೇಗೆ ಹೇಳಲಿ ಇವಳಿಗೆ?
ಲಿವರ್ ಅಂದರೆ ಅಡುಗೆಮನೆ ಅಂದುಕೋ, ಫೆವ್ರೋನ್ಯಾ.
ಉಪವಾಸದ ಹೊತ್ತಲ್ಲೂ ಅದೂ ಇದೂ ಹೆಕ್ಕಿ ಸಕ್ಕರೆ ಮಾಡಿ
ಮಿದುಳಿಗೆ ಬಡಿಸುತ್ತಲೇ ಇರುತ್ತದೆ.
ವೋಡ್ಕಾ ಅಲ್ಲಿಗೆ ನೆಂಟನ ಹಾಗೆ ಬರುವುದಿಲ್ಲ,
ಜಪ್ತಿಗೆ ಬಂದ ಅಮೀನನ ಹಾಗೆ ಬರುತ್ತದೆ:
ಮೊದಲು ನನ್ನ ಕೆಲಸ, ಉಳಿದದ್ದೆಲ್ಲ ಆಮೇಲೆ.
ಜೀವಕೋಶದೊಳಗೆ ಹೊರೆಯಾಳುಗಳಿದ್ದಾರೆ, ಬರಿಗೈಯವರು.
ಸಿಕ್ಕಸಿಕ್ಕವರ ಹೆಗಲಿಗೆ ಹೈಡ್ರೋಜನ್ ಹೇರುತ್ತದೆ,
ತಾನು ಹುಳಿಯಾಗಿ ಮುಗಿಯುವಷ್ಟರಲ್ಲಿ ಎರಡೆರಡು ಸಲ.
ಕೊನೆಗೆ ಬರಿಗೈಯವನೊಬ್ಬನೂ ಉಳಿಯುವುದಿಲ್ಲ.
ಸಕ್ಕರೆಯಾಗಬೇಕಿದ್ದದ್ದು ಅರ್ಧ ದಾರಿಯಲ್ಲೇ
ಲ್ಯಾಕ್ಟಿಕ್ ಆಮ್ಲವಾಗಿ ಹಿಂದಿರುಗುತ್ತದೆ,
ಉರಿಯಬೇಕಿದ್ದ ಕೊಬ್ಬು ಹಸಿ ಸೌದೆಯಂತೆ
ಮೂಲೆಯಲ್ಲಿ ರಾಶಿ ಬೀಳುತ್ತದೆ.
ಗ್ರಾಮಿಗೆ ಏಳು ಕ್ಯಾಲೊರಿ, ಲೆಕ್ಕಕ್ಕೇನೂ ಕಮ್ಮಿಯಿಲ್ಲ.
ಒಲೆ ಧಗಧಗ.
ಬಡಿಸಲು ಏನೂ ಇಲ್ಲ.

ಇಷ್ಟೆಲ್ಲ ಹೇಳಿದೆನೋ, ಹೇಳಿದೆ ಅಂದುಕೊಂಡೆನೋ.
ಅವಳು ಕೇಳಿದ್ದು ಒಂದೇ:
"ಮತ್ತೆ ಮುಖ ಅಷ್ಟು ಕೆಂಪಗಿತ್ತಲ್ಲ?"
ಒಳಗಿದ್ದ ಬಿಸಿ, ಅಮ್ಮಾ,
ಹೊರಡಲೆಂದು ಬಾಗಿಲಿಗೆ ಬಂದು ನಿಂತಿತ್ತು.

ಮೊದಲು ಥಯಾಮಿನ್, ಬೆನ್ನಿಗೇ ಗ್ಲುಕೋಸ್.
ಕಲ್ಲಾಸ್ತೆ ದಾಟುವಾಗ ರೆಪ್ಪೆ ಅಲುಗಿತು.
ನನ್ನನ್ನು ನೋಡಿದ, ಅಪರಿಚಿತಳೆಂದು ಬಿಟ್ಟ,
ಅವಳನ್ನು ನೋಡಿದ.
"ಮೀನು ಎಲ್ಲಿ?"

ಬೈಯಲು ಬಾಯಿ ತೆರೆದವಳಿಗೆ ಬೈಗುಳ ಬರಲಿಲ್ಲ.
ಅವನ ಚೀಲದಿಂದ ಬೆಳಿಗ್ಗೆ ತಾನೇ ಕಟ್ಟಿಕೊಟ್ಟ ಡಬ್ಬಿ ತೆಗೆದಳು.
ರೈ ಬ್ರೆಡ್ಡಿನ ನಾಲ್ಕು ಚೂರು, ಬೇಯಿಸಿದ ಮೊಟ್ಟೆ, ಈರುಳ್ಳಿ.
ಒಂದನ್ನೂ ಮುಟ್ಟಿಲ್ಲ. ಎಲ್ಲ ಕಲ್ಲು.
ಮುಚ್ಚಿ, ಅದನ್ನು ಕೋಟಿನೊಳಗೆ ತೂರಿಸಿ
ಎದೆಗೆ ಒತ್ತಿ ಹಿಡಿದು ಕೂತಳು,
ಆಸ್ಪತ್ರೆ ಬರುವ ತನಕ,
ಕರಗಲಿ ಅಂತ.